ಒಂದು ಹಿಡಿ ಕೊಸರು

ಪ್ರಶ್ನೆ ಕೇಳುವುದು ನನ್ನ ಕೆಲಸ, ಉತ್ತರ ಹುಡುಕುವುದು ವಿದ್ಯಾರ್ಥಿಗಳ ಕೆಲಸ. ಹರಿಹರದ ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳಿಕೊಂಡು ಬಂದ ಇಷ್ಟು ವರ್ಷವೂ ಈ ವ್ಯವಸ್ಥೆ ಸುಖವಾಗಿ ನಡೆದಿತ್ತು. ಹೋದ ಜೂನ್‌ನಲ್ಲಿ ಎರಡನೇ ಬೆಂಚಿನ ಐಶ್ವರ್ಯ ಅದನ್ನು ತಲೆಕೆಳಗು ಮಾಡಿದಳು.

ಅವತ್ತು ನನ್ನ ಅಚ್ಚುಮೆಚ್ಚಿನ ಪಾಠ. ಇನ್ನೂರೈವತ್ತು ವರ್ಷದ ಹಿಂದೆ ಪರದೇಶದ ಮೇಷ್ಟ್ರೊಬ್ಬರು ಪೇಟೆಯನ್ನು ಕಣ್ಣಿಟ್ಟು ನೋಡಿ ಬರೆದ ವಿಚಾರ. ನಾನು ಅವರನ್ನು ಹಳೇ ಮೇಷ್ಟ್ರು ಎಂದೇ ಕರೆಯುವುದು. ಸತ್ತು ಎಷ್ಟೋ ಕಾಲವಾದರೂ ನನಗೆ ಸಂಬಳ ಕೊಡಿಸುತ್ತಿರುವವರು ಅವರೇ ತಾನೆ! ಅಂಗಡಿಯವನು ನಮ್ಮ ಮೇಲಿನ ಪ್ರೀತಿಗೆ ಬೆಳಿಗ್ಗೆ ಎದ್ದು ಬಾಗಿಲು ತೆರೆಯುವುದಿಲ್ಲ, ಅವನ ಲಾಭಕ್ಕೆ ಅವನು ತೆರೆಯುತ್ತಾನೆ, ನಮ್ಮ ಅಗತ್ಯಕ್ಕೆ ನಾವು ಹೋಗುತ್ತೇವೆ, ಹೀಗೆ ಅವರವರ ಲಾಭ ಅವರವರು ನೋಡಿಕೊಂಡೇ ಊರಿನ ಹೊಟ್ಟೆ ತುಂಬುತ್ತದೆ ಎಂದು ಕೈ ಬೀಸಿ ಹೇಳಿದೆ. ಇವತ್ತು ಹಡಗು ತುಂಬ ಸಾಮಾನು ಸಮುದ್ರ ದಾಟುವುದೂ ಅದೇ ಲೆಕ್ಕದಲ್ಲಿ ಎಂದೂ ಸೇರಿಸಿದೆ.

ಐಶ್ವರ್ಯ ಎದ್ದು ನಿಂತಳು. "ಹಂಗಾದ್ರೆ ಕೊಸರು ಯಾವ ಚಾಪ್ಟರ್‌ನಾಗೆ ಬರುತ್ತೆ ಮೇಡಂ?"

ತರಗತಿ ನಕ್ಕಿತು. ನಾನೂ ನಕ್ಕೆ, ಆದರೆ ಉತ್ತರ ಬರಲಿಲ್ಲ. ಮೆಣಸಿನಕಾಯಿ ತೂಗಿ ಕೊಟ್ಟ ಮೇಲೆ ಮೇಲಿಂದ ನಾಲ್ಕು ಹಾಕುತ್ತಾರಲ್ಲ, ಸೇರು ಮಂಡಕ್ಕಿ ಅಳೆದ ಮೇಲೆ ಇನ್ನೊಂದು ಹಿಡಿ ಚೀಲಕ್ಕೆ ಬೀಳುತ್ತದಲ್ಲ, ಅದಕ್ಕೆ ದುಡ್ಡಿಲ್ಲ. ಲಾಭಕ್ಕೆ ಕೂತವನು ಪುಕ್ಕಟೆ ಯಾಕೆ ಕೊಟ್ಟ? ಪಠ್ಯಪುಸ್ತಕ ತಿರುಗಿಸಿದರೆ ಕೊಸರು ಎಂಬ ಮಾತೇ ಇಲ್ಲ. ನಾಳೆ ಹೇಳ್ತೀನಿ ಕೂತ್ಕೋ ಎಂದೆ. ಆ ನಾಳೆ ನನ್ನನ್ನು ಎಲ್ಲೆಲ್ಲಿಗೋ ಎಳೆದುಕೊಂಡು ಹೋಯಿತು.

ಮೊದಲು ಕೇಳಿದ್ದು ಅಪ್ಪನನ್ನು. ನಮ್ಮಪ್ಪ ವಾಮದೇವಪ್ಪ ದಾವಣಗೆರೆಯಲ್ಲಿ ಆಯುಷ್ಯವೆಲ್ಲ ಕಿರಾಣಿ ಅಂಗಡಿ ನಡೆಸಿದವರು. ಹತ್ತಿ ಮಿಲ್ಲುಗಳ ಸೈರನ್ ಕೇಳಿ ಅಂಗಡಿ ತೆಗೆಯುತ್ತಿದ್ದವರು, ಮಿಲ್ಲು ಮುಚ್ಚಿದ ಮೇಲೂ ಅದೇ ಹೊತ್ತಿಗೆ ಏಳುತ್ತಾರೆ.

"ಇದಕ್ಕೇನು ಎಂ.ಎ. ಓದಬೇಕೇನವ್ವ?" ಎಂದರು. "ಕೊಸರು ಅಂದ್ರೆ ಬಿತ್ತನೆ ಕಾಳು. ಇವತ್ತು ಒಂದು ಹಿಡಿ ಬಿತ್ತಿದ್ರೆ ಗಿರಾಕಿ ನಾಳೆ ಮತ್ತೆ ಬರ್ತಾನೆ. ನಿಮ್ಮ ಮೇಷ್ಟ್ರು ಹೇಳಿದ್ದು ಸರಿ ಐತೆ, ಅಂಗಡಿ ಇಟ್ಟು ನೋಡಿರಲಿಲ್ಲ, ಅಷ್ಟೆ."

ಹಳೇ ಮೇಷ್ಟ್ರು ಗೆದ್ದರು ಎಂದು ನನಗೆ ಖುಷಿಯಾಯಿತು. ಆದರೂ ಮನಸ್ಸಿನ ಮೂಲೆಯಲ್ಲಿ ಏನೋ ಕೆರೆಯುತ್ತಿತ್ತು. ಬಸ್‌ಸ್ಟ್ಯಾಂಡಿನಲ್ಲಿ ಮತ್ತೆಂದೂ ಕಾಣದ ಪ್ರಯಾಣಿಕನಿಗೂ ಶೇಂಗಾ ಮಾರುವವಳು ನಾಲ್ಕು ಕಾಳು ಹೆಚ್ಚಿಗೆ ಹಾಕುವುದನ್ನು ನಾನೇ ನೋಡಿದ್ದೇನೆ. ಅವಳು ಯಾವ ಹೊಲಕ್ಕೆ ಬಿತ್ತುತ್ತಿದ್ದಾಳೆ?

ಇದೇ ಹೊತ್ತಿಗೆ ಯಾಸ್ಮೀನ್ ಫೋನ್ ಮಾಡಿದಳು. ನನ್ನ ಹಳೇ ವಿದ್ಯಾರ್ಥಿನಿ, ಮದುವೆಯಾಗಿ ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಓಣಿಗೆ ಹೋದವಳು. ಗಂಡ ಸಿಕಂದರ್ ಕಾದ ಮರಳಿನಲ್ಲಿ ಅಕ್ಕಿ ಹುರಿದು ಮಂಡಕ್ಕಿ ಅರಳಿಸುತ್ತಾನೆ, ಅತ್ತೆ ಬೀಬಿಜಾನ್ ಮಾರಾಟ ನೋಡುತ್ತಾರೆ.

"ಮೇಡಂ, ಶಾರ್ಜಾದಿಂದ ಆರ್ಡರ್ ಬಂದೈತೆ" ಎಂದಳು. ದನಿ ನಡುಗುತ್ತಿತ್ತು. "ಇಂಗ್ಲಿಷ್ ಕಾಗದ ನೋಡಿದ್ರೆ ಕೈಕಾಲು ಆಡ್ತಿಲ್ಲ. ಬರ್ರಿ ಮೇಡಂ."

ಕಾಲೇಜು ಮುಗಿಸಿ ಬಸ್ ಹತ್ತಿದೆ. ಓಣಿಯ ತುದಿಯಲ್ಲೇ ಹುರಿದ ಅಕ್ಕಿಯ ವಾಸನೆ ಬಂತು, ಹೊಟ್ಟೆ ಚುರುಗುಟ್ಟಿತು. ಮೊದಲು ಸಾಲಾಗಿ ಹೊಗೆಯಾಡುತ್ತಿದ್ದ ಭಟ್ಟಿಗಳಲ್ಲಿ ಎಷ್ಟೋ ತಣ್ಣಗಾಗಿದ್ದವು. ಹೊರ ರಾಜ್ಯದಿಂದ ಮಷೀನ್ ಮಂಡಕ್ಕಿ ಲಾರಿಗಟ್ಟಲೆ ಬಂದು ಕಡಿಮೆ ದರಕ್ಕೆ ಬೀಳುತ್ತಿದೆಯಂತೆ. ಸರಕನ್ನು ತಡೆಯಬೇಡಿ, ಎಲ್ಲಿ ಬೇಕೋ ಅಲ್ಲಿಗೆ ಹರಿಯಲಿ ಎಂದು ಹಳೇ ಮೇಷ್ಟ್ರು ಹೇಳಿದ್ದನ್ನು ನಾನು ಪ್ರತಿ ವರ್ಷ ಪಾಠ ಮಾಡುತ್ತೇನೆ. ಹರಿದು ಬಂದದ್ದು ಯಾರ ಒಲೆ ಆರಿಸಿತು ಎಂದು ನೋಡಿದ್ದು ಅವತ್ತೇ. ನನಗೆ ಸಂಕಟವಾಯಿತು.

ಯಾಸ್ಮೀನ್ ಮುಚ್ಚುಮರೆಯಿಲ್ಲದೆ ಹೇಳಿದಳು. ಶಾರ್ಜಾದಲ್ಲಿರುವ ಸೈಫುಲ್ಲಾ ಎಂಬ ಗೆಳೆಯ ಸಿಕಂದರ್‌ಗೆ ಅಲ್ಲಿ ಟ್ರಕ್ ಓಡಿಸುವ ಕೆಲಸ ನೋಡಿದ್ದಾನೆ, ವೀಸಾ ತಯಾರಿದೆ. ಭಟ್ಟಿ ನಡೆಯದಿದ್ದರೆ ಹೋಗುವುದೇ ಸರಿ ಎಂದು ಅವನು ತೀರ್ಮಾನಿಸಿದ್ದಾನೆ. ಯಾಸ್ಮೀನ್ ಅಂತರ್ಜಾಲದಲ್ಲಿ ಹುಡುಕಿ, ಅದೇ ಊರಿನ ಅಂಗಡಿಗಳ ಕಂಪನಿಯೊಂದಕ್ಕೆ ಮಾದರಿ ಕಳಿಸಿ, ಒಪ್ಪಿಗೆ ಪಡೆದಿದ್ದಾಳೆ.

"ಮಾಲು ಶಾರ್ಜಾಕ್ಕೆ ಹೋಗ್ಲಿಲ್ಲ ಅಂದ್ರೆ ಮನುಷ್ಯ ಶಾರ್ಜಾಕ್ಕೆ ಹೋಗ್ತಾನೆ ಮೇಡಂ. ಇಷ್ಟೇ ಲೆಕ್ಕ."

ಇದನ್ನೇ ಹೇಳಲು ನನ್ನ ಪುಸ್ತಕದಲ್ಲಿ ಹನ್ನೆರಡು ಪುಟ ಬೇಕಾಗಿದೆ. ಭಟ್ಟಿಯ ಮುಂದೆ ನಿಂತಿದ್ದ ಸಿಕಂದರ್ ಕೇಳಿಸದವನಂತೆ ಮರಳು ಕೆದಕುತ್ತಿದ್ದ.

ಕಾಗದಗಳನ್ನು ಓದಿ ತುಂಬಿದೆ. ಒಂದೊಂದು ಪೊಟ್ಟಣ ಕಾಲು ಕಿಲೋ, ತಿಂಗಳ ಕೊನೆಗೆ ಪರದೇಶಕ್ಕೆ ಸರಕು ಸಾಗಿಸುವ ಹರಿಹರದ ಏಜೆಂಟರ ಗೋದಾಮಿಗೆ ಮಾಲು ತಲುಪಬೇಕು, ಅಲ್ಲಿಂದ ಕಂಟೇನರ್. ಯಾಸ್ಮೀನ್ ಕೆಲಸವನ್ನು ಅಚ್ಚುಕಟ್ಟಾಗಿ ಹಂಚಿದ್ದಳು. ಒಬ್ಬಳು ಜರಡಿ ಹಿಡಿಯುವುದು, ಇಬ್ಬರು ತುಂಬಿ ತೂಗುವುದು, ಬೀಬಿಜಾನ್ ಕೊನೆಯಲ್ಲಿ ಕೂತು ಪೊಟ್ಟಣದ ಬಾಯಿಗೆ ಬಿಸಿ ಪಟ್ಟಿ ಒತ್ತಿ ಮುಚ್ಚುವುದು. ಕೆಲಸವನ್ನು ತುಂಡು ಮಾಡಿ ಹಂಚಿದರೆ ಹುಟ್ಟುವಳಿ ಹೆಚ್ಚುತ್ತದೆ ಎಂಬುದೂ ಹಳೇ ಮೇಷ್ಟ್ರ ಮಾತೇ. ನಾನೇ ಹಿಂದೆ ಯಾಸ್ಮೀನ್‌ಗೆ ಕಲಿಸಿದ್ದೆ. ಹೆಮ್ಮೆಯಿಂದ ಎರಡು ಕಪ್ ಚಹಾ ಕುಡಿದು ಬಂದೆ.

ಕಂಟೇನರ್ ಹೊರಡುವ ದಿನ ಬೆಳಿಗ್ಗೆ ನಾನು ಹರಿಹರದ ಗೋದಾಮಿಗೆ ಹೋದೆ. ನನಗೆ ರಜೆ, ಜೊತೆಗೆ ಮಂಡಕ್ಕಿ ಪರದೇಶಕ್ಕೆ ಹೊರಡುವುದನ್ನು ಕಣ್ಣಾರೆ ನೋಡುವ ಆಸೆ. ಯಾಸ್ಮೀನ್, ಸಿಕಂದರ್, ಬೀಬಿಜಾನ್ ಮತ್ತು ಪ್ಯಾಕಿಂಗ್ ಹೆಂಗಸರು ಮಾಲಿನ ಲಾರಿಯಲ್ಲೇ ಬಂದಿಳಿದಿದ್ದರು. ಏಜೆಂಟ್ ಶಿವಕುಮಾರ ಕನ್ನಡಕವನ್ನು ಹಣೆಗೇರಿಸಿಕೊಂಡು ಓಡಾಡುವ ಗಡಿಬಿಡಿಯ ಮನುಷ್ಯ.

"ಏನ್ ಮೇಡಂ, ಗಾಳಿ ವ್ಯಾಪಾರ ನೋಡಾಕೆ ಬಂದ್ರೇನು?" ಎಂದು ನಕ್ಕರು. "ಈ ಮಂಡಕ್ಕಿ ಅಂದ್ರೆ ಜಾಗ ಊರಗಲ, ತೂಕ ಅಷ್ಟೇ ಅಷ್ಟು. ಹಡಗಿನಾಗೆ ಗಾಳಿಗೆ ಬಾಡಿಗೆ ಕಟ್ಟಿದಂಗೆ."

ನಗುತ್ತಲೇ ಪೊಟ್ಟಣ ತುಂಬಿದ ಒಂದು ರಟ್ಟಿನ ಡಬ್ಬದ ಮುಂದೆ ನಿಂತರು. ಮುಚ್ಚಳ ಉಬ್ಬಿತ್ತು. ಪಕ್ಕದ್ದೂ ಉಬ್ಬಿತ್ತು. ತೆರೆದು ಒಂದು ಪೊಟ್ಟಣವನ್ನು ತಕ್ಕಡಿಗಿಟ್ಟರು, ಇನ್ನೊಂದು ಇಟ್ಟರು, ಮತ್ತೊಂದು ಇಟ್ಟರು. ಕನ್ನಡಕ ಹಣೆಯಿಂದ ಮೂಗಿಗೆ ಇಳಿಯಿತು.

"ಏನಮ್ಮ ಇದು? ಒಂದೂ ಕಾಲು ಕಿಲೋ ಇಲ್ಲ. ಎಲ್ಲಾ ಜಾಸ್ತಿ. ಅದೂ ಒಂದೊಂದು ಒಂದೊಂದು ಥರ ಜಾಸ್ತಿ!"

ಯಾಸ್ಮೀನ್ ತಕ್ಕಡಿಗೆ ಬಾಗಿ ನೋಡಿದಳು. "ನಾನೇ ನಿಂತು ತೂಗಿಸೀನಿ ಸರ್. ನಿಮ್ಮ ತಕ್ಕಡಿ ಕೆಟ್ಟಿರಬೇಕು."

ಶಿವಕುಮಾರ ಗೋದಾಮಿನ ಇನ್ನೊಂದು ತಕ್ಕಡಿ ತರಿಸಿದರು. ಅದೂ ಅದನ್ನೇ ಹೇಳಿತು.

"ಜಾಸ್ತಿ ಇದ್ದರೆ ತೊಂದರೆ ಏನು?" ಎಂದು ನಾನು ಕೇಳಿದೆ. "ಕಡಿಮೆ ಕೊಟ್ಟರೆ ಮೋಸ. ಹೆಚ್ಚು ಕೊಟ್ಟರೆ ಯಾರು ಬೇಡ ಅಂತಾರೆ?"

"ಬಂದರಿನಾಗೆ ಅಂತಾರೆ ಮೇಡಂ. ಕಾಗದದಾಗೆ ಒಂದು ತೂಕ, ಡಬ್ಬದಾಗೆ ಒಂದು ತೂಕ. ಮಂಡಕ್ಕಿ ಒಳಗೆ ಏನೋ ಮುಚ್ಚಿಟ್ಟಾರೆ ಅಂತ ಎಲ್ಲಾ ಬಿಚ್ಚಿ ಹಾಕ್ತಾರೆ. ಅಷ್ಟರಾಗೆ ಹಡಗು ಹೋಗಿರುತ್ತೆ. ಮೊದಲನೇ ಮಾಲು ಇದು. ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ಲ." ಸಂಜೆಯೊಳಗೆ ಸರಿಯಾಗದಿದ್ದರೆ ಕಂಟೇನರಿನಲ್ಲಿ ಇವರ ಜಾಗ ಬೇರೆಯವರ ಮಾಲಿಗೆ ಹೋಗುತ್ತದೆ ಎಂದೂ ಹೇಳಿದರು. ಬೈಯಲಿಲ್ಲ, ಅದೇ ಹೆಚ್ಚು ಭಯ ಹುಟ್ಟಿಸಿತು.

ನನ್ನ ಕುತೂಹಲ ಕೆರಳಿತು. ಹಾಳಾದ್ದು, ಮನೆಗೆ ಬೆಂಕಿ ಬಿದ್ದರೂ ಎಲ್ಲಿಂದ ಹತ್ತಿತು ಎಂದು ಕೇಳುವ ಸ್ವಭಾವ ನನ್ನದು. ತೂಗಿದ ಇಬ್ಬರು ಹೆಂಗಸರನ್ನು ವಿಚಾರಿಸಿದೆ. ತೂಗುವಾಗ ಸರಿಯಿತ್ತು ಎಂದು ಇಬ್ಬರೂ ಆಣೆ ಮಾಡಿದರು. ತೂಗಿದ ಮೇಲೆ ಪೊಟ್ಟಣ ಯಾರ ಕೈಗೆ ಹೋಗುತ್ತದೆ ಎಂದು ಕೇಳಿದೆ. ಇಬ್ಬರೂ ಹಿಂದಕ್ಕೆ ತಿರುಗಿ ನೋಡಿದರು.

ಚೀಲದ ಮೇಲೆ ಕೂತು ಎಲೆ ಅಡಿಕೆ ಹಾಕುತ್ತಿದ್ದ ಬೀಬಿಜಾನ್ ತಲೆಯೆತ್ತಿದರು. "ಹೂಂ, ಒಂದೊಂದು ಹಿಡಿ ಕೊಸರು ಹಾಕೀನಿ. ಕೊಸರು ಹಾಕದಂಗೆ ಬಾಯಿ ಹೆಂಗೆ ಮುಚ್ಚೋದ್ರಿ ಟೀಚರಮ್ಮಾ?"

ಜರಡಿಯವಳು ಜರಡಿ ನೋಡಿಕೊಂಡಿದ್ದಳು, ತೂಗುವವರು ತಕ್ಕಡಿ ನೋಡಿಕೊಂಡಿದ್ದರು, ಯಾಸ್ಮೀನ್ ತೂಗುವವರನ್ನು ನೋಡಿಕೊಂಡಿದ್ದಳು. ಕೆಲಸ ಹಂಚಿದ್ದರಿಂದ ಕೊನೆಯ ಕೈ ಏನು ಮಾಡುತ್ತಿದೆ ಎಂದು ಯಾರೂ ನೋಡಿರಲಿಲ್ಲ. ಆ ಪಾಠ ಹೇಳಿದವಳು ಅಲ್ಲೇ ನಿಂತಿದ್ದೆ. ಶಿವಕುಮಾರ ಹಣೆ ಚಚ್ಚಿಕೊಂಡರು: "ಮೂಗಿಗಿಂತ ಮೂಗುತಿ ಭಾರ ಆತಲ್ಲಮ್ಮ!"

ದಾರಿ ಒಂದೇ ಇತ್ತು. ಪೊಟ್ಟಣಗಳನ್ನೆಲ್ಲ ಬಿಚ್ಚಿ, ಹೆಚ್ಚಿನ ಮಂಡಕ್ಕಿ ತೆಗೆದು, ಮತ್ತೆ ಮುಚ್ಚಬೇಕು. ಹೆಂಗಸರು ಸೆರಗು ಸಿಕ್ಕಿಸಿ ಕೂತರು. ಆಗ ಬೀಬಿಜಾನ್ ಎದ್ದು ಬಂದು ಮೊದಲ ಡಬ್ಬದ ಮೇಲೆ ಕೈಯಿಟ್ಟರು.

"ಕೊಸರು ವಾಪಸ್ ತಗಂಬ್ಯಾಡ್ರಿ. ಕೊಟ್ಟಿದ್ದು ತಿರುಗಿ ತಗಂಡ್ರೆ ಬರ್ಕತ್ ಇರಲ್ಲ, ಏಳಿಗೆ ಆಗಲ್ಲ."

"ಅಮ್ಮಿ, ಯಾರಿಗೆ ಕೊಟ್ಟಿದ್ದು?" ಯಾಸ್ಮೀನ್‌ಳ ಸಹನೆ ಮುಗಿದಿತ್ತು. "ಆ ಊರಾಗೆ ನಿಮ್ಮನ್ನ ಯಾರು ನೋಡ್ಯಾರೆ? ಮುಖ ಪರಿಚಯ ಇಲ್ಲದೋರಿಗೆ ಕೊಸರು ಯಾಕ?"

ನಾನು ಕಿವಿ ನಿಮಿರಿಸಿದೆ. ಇದೇ ನನ್ನ ಪ್ರಶ್ನೆ.

"ಎದುರಿಗೆ ನಿಂತ ಗಿರಾಕಿ, ಇನ್ನೊಂದು ಹಿಡಿ ಹಾಕ್ರಿ ಅಂತ ಬಾಯಿಬಿಟ್ಟು ಕೇಳ್ತಾನೆ" ಎಂದರು ಬೀಬಿಜಾನ್. "ಕಾಣದ ಊರಾಗೆ ಇರೋನು ಹೆಂಗೆ ಕೇಳ್ತಾನೆ? ಅವನ ಪರವಾಗಿ ನಾವೇ ಕೇಳಿಕ್ಯಂಡು ನಾವೇ ಹಾಕ್ಬೇಕು."

ಅಪ್ಪನ ಬಿತ್ತನೆ ಕಾಳಿನ ಸಿದ್ಧಾಂತ ಅಲ್ಲಿಯೇ ಬಿರುಕು ಬಿಟ್ಟಿತು. ನನಗೆ ಎಷ್ಟು ಸಂತೋಷವಾಯಿತೆಂದರೆ, ಎದುರಿಗಿರುವ ಹುಡುಗಿಯ ಸಂಸಾರ ತೂಗಾಡುತ್ತಿದೆ ಎನ್ನುವುದನ್ನೇ ಒಂದು ಗಳಿಗೆ ಮರೆತೆ. ಯಾಸ್ಮೀನ್ ಮರೆತಿರಲಿಲ್ಲ.

"ಹಂಗಾದ್ರೆ ಒಂದು ಮಾತು ಹೇಳ್ತೀನಿ ಅಮ್ಮಿ. ಮಂಡಕ್ಕಿ ವಾಪಸ್ ತಗಳ್ರಿ. ಇಲ್ಲಾಂದ್ರೆ ಮಗನ್ನ ಕಳಿಸಿಕೊಡ್ರಿ."

ಬೀಬಿಜಾನ್ ಸೊಸೆಯನ್ನೇ ನೋಡಿದರು. ಆಮೇಲೆ ಬಾಗಿಲ ಬಳಿ ಬೆನ್ನು ಮಾಡಿ ನಿಂತಿದ್ದ ಮಗನನ್ನು ನೋಡಿದರು. ಡಬ್ಬದ ಮೇಲಿನ ಕೈ ಮಾತ್ರ ತೆಗೆಯಲಿಲ್ಲ. "ಅದಕ್ಕೇ ಬ್ಯಾಡ ಅಂತೀನಿ" ಎಂದು ಮೆಲ್ಲಗೆ ಅಂದರು. ಏನು ಹೇಳುತ್ತಿದ್ದಾರೆಂದು ನಮಗ್ಯಾರಿಗೂ ಅರ್ಥವಾಗಲಿಲ್ಲ. ವಯಸ್ಸಾದವರ ಹಟ ಎಂದುಕೊಂಡೆವು.

ನನಗೆ ತುಂಬಿದ ಕಾಗದಗಳು ನೆನಪಾದವು. ಅದರಲ್ಲಿ ನಾನು ಗೆರೆ ಎಳೆದು ಬಿಟ್ಟಿದ್ದ ಒಂದು ಸಾಲು ಇತ್ತು: ಬೆಲೆಯಿಲ್ಲದೆ ಕಳಿಸುವ ಮಾದರಿ ವಸ್ತು.

"ಶಿವಕುಮಾರ್ ಅವರೇ, ಕೊಸರನ್ನೆಲ್ಲ ತೆಗೆದು ಬೇರೆ ಚೀಲಕ್ಕೆ ತುಂಬಿ, ತೂಕ ಬರೆದು, ಪುಕ್ಕಟೆ ಎಂದು ಕಾಗದದಲ್ಲಿ ತೋರಿಸಿದರೆ?"

ಅವರು ಕನ್ನಡಕ ಮತ್ತೆ ಹಣೆಗೇರಿಸಿದರು. "ಆಗುತ್ತೆ. ಅದಕ್ಕೂ ಒಂದು ಕಾಲಂ ಐತೆ. ಇಷ್ಟು ವರ್ಷದಾಗೆ ಮಂಡಕ್ಕಿಗೆ ಯಾರೂ ತುಂಬಿಲ್ಲ, ಅಷ್ಟೆ."

ಬೀಬಿಜಾನ್‌ಗೆ ಬಿಡಿಸಿ ಹೇಳಿದೆ. ಕೊಸರು ವಾಪಸ್ ಬರುವುದಿಲ್ಲ, ಮಾಲಿನ ಜೊತೆಯೇ ಹೋಗುತ್ತದೆ, ಬೇರೆ ಚೀಲದಲ್ಲಿ ಕೂತು ಹೋಗುತ್ತದೆ. ಅವರು ಬಹಳ ಯೋಚಿಸಿದರು.

"ಚೀಲ ಅಂಗಡಿಯೋನೇ ತಿಂದುಬಿಟ್ರೆ?"

ಅದಕ್ಕೂ ಉಪಾಯವಾಯಿತು. ಮಂಡಕ್ಕಿ ಕೊಂಡ ಪ್ರತಿಯೊಬ್ಬರಿಗೂ ಇದರಿಂದ ಒಂದು ಹಿಡಿ ಕೊಡತಕ್ಕದ್ದು ಎಂದು ಇಂಗ್ಲಿಷಿನಲ್ಲಿ ಚೀಲಗಳ ಮೇಲೆ ದಪ್ಪಗೆ ಬರೆದೆ. ಬೀಬಿಜಾನ್ ಅದನ್ನು ಓದಿಸಿ ಕೇಳಿ, ಕೈ ತೆಗೆದರು. ಮಧ್ಯಾಹ್ನವೆಲ್ಲ ಬಿಚ್ಚುವುದು, ತೂಗುವುದು, ಮುಚ್ಚುವುದು. ಸಿಕಂದರ್ ಕೂಡ ಕೂತ. ನಾನೂ ಕೂತೆ, ನಾನು ಮುಚ್ಚಿದ ಪೊಟ್ಟಣಗಳನ್ನು ಯಾಸ್ಮೀನ್ ಮತ್ತೆ ಮುಚ್ಚುತ್ತಿದ್ದಳು. ಬಿಸಿಲು ಇಳಿಯುವ ಹೊತ್ತಿಗೆ ಕಂಟೇನರ್ ಬಾಗಿಲು ಹಾಕಿಕೊಂಡು ತುಂಗಭದ್ರೆಯ ಸೇತುವೆಯ ಕಡೆ ಹೊರಟಿತು.

ದಸರೆ ರಜೆಯಲ್ಲಿ ಯಾಸ್ಮೀನ್ ಮತ್ತೆ ಕರೆದಳು. ಈ ಸಲ ದನಿ ನಡುಗುತ್ತಿರಲಿಲ್ಲ, ಕುಣಿಯುತ್ತಿತ್ತು. ಭಟ್ಟಿಯ ಎದುರು ಸ್ಟೂಲ್ ಹಾಕಿ ಕೂಡಿಸಿ ಫೋನ್ ಕೈಗಿಟ್ಟಳು. ಶಾರ್ಜಾದ ಕಂಪನಿಯ ಮೇಲ್. ಕೌಂಟರಿನ ಪಕ್ಕ ಚೀಲ ತೆರೆದಿಟ್ಟು, ಬರೆದಿದ್ದಂತೆಯೇ ಒಂದೊಂದು ಹಿಡಿ ಕೊಟ್ಟರಂತೆ. ಮೊದಲು ಬಂದವರು ನಮ್ಮ ಕಡೆಯವರು, ಆಮೇಲೆ ಬಾಂಗ್ಲಾದೇಶದವರು ಗುಂಪುಗುಂಪಾಗಿ ಬಂದರಂತೆ, ಅವರಿಗೂ ಮಂಡಕ್ಕಿ ಎಂದರೆ ಪ್ರಾಣ. ಇನ್ನು ವರ್ಷಪೂರ್ತಿ ಮಾಲು ಬೇಕು, ಹೋದ ಸಲದ ಎರಡರಷ್ಟು.

ಸಿಕಂದರ್ ವೀಸಾ ಬೇಡವೆಂದು ಸೈಫುಲ್ಲಾನಿಗೆ ಹೇಳಿದ್ದಾನಂತೆ. ಯಾಸ್ಮೀನ್ ಅದನ್ನು ಹೇಳುವಾಗ ಕಣ್ಣಲ್ಲಿ ನೀರಿತ್ತು, ನನಗೂ ಬಂತು. ಹೊಗೆ ಎಂದು ಇಬ್ಬರೂ ಒರೆಸಿಕೊಂಡೆವು.

ಮೇಲ್‌ನ ಕೊನೆಯಲ್ಲಿ ಕಂಪನಿಯವರ ಒಂದು ಕೋರಿಕೆ ಇತ್ತು: ಪುಕ್ಕಟೆ ಕೊಡುವ ಮಂಡಕ್ಕಿಗೂ ದರ ನಮೂದಿಸಿ. ಬೆಲೆಯಿಲ್ಲದ ವಸ್ತುವನ್ನು ಪದೇ ಪದೇ ತರಿಸಲು ನಮ್ಮ ವ್ಯವಸ್ಥೆಯಲ್ಲಿ ಅವಕಾಶವಿಲ್ಲ. ಒಳ್ಳೆಯ ದರವನ್ನೇ ಕೊಡುತ್ತೇವೆ.

"ನೋಡಿದ್ಯಾ?" ಎಂದೆ ನಾನು. ಅಪ್ಪನೂ ಹಳೇ ಮೇಷ್ಟ್ರೂ ಒಟ್ಟಿಗೇ ಗೆದ್ದಿದ್ದರು. "ಬಿತ್ತಿದ ಕಾಳು ಮೊಳಕೆ ಒಡೆಯಿತು. ಈಗ ಕೊಯ್ದುಕೋ. ಐಶ್ವರ್ಯಳಿಗೆ ಉತ್ತರವೂ ಸಿಕ್ಕಿತು."

ದರ ಎಷ್ಟು ಹಾಕುವುದೆಂದು ನಾವಿಬ್ಬರೂ ತಲೆಗೆ ತಲೆ ಕೊಟ್ಟು ಮಾತಾಡುತ್ತಿದ್ದೆವು. ಪಕ್ಕದಲ್ಲಿ ಸೇರು ಹಿಡಿದು ಕೂತಿದ್ದ ಬೀಬಿಜಾನ್ ಇಬ್ಬರು ಗಿರಾಕಿಗಳನ್ನು ಕಳಿಸಿ ನಮ್ಮ ಕಡೆ ತಿರುಗಿದರು.

"ಅದಕ್ಕೆ ದುಡ್ಡು ತಗಂಬ್ಯಾಡ್ರಿ."

"ಅಮ್ಮಿ, ಅವರೇ ಕೊಡ್ತೀವಿ ಅಂತಿದಾರೆ" ಎಂದಳು ಯಾಸ್ಮೀನ್. "ಪುಕ್ಕಟೆ ಕೊಟ್ಟಿದ್ದು ಸಾಕು."

"ನಾನೇನು ಪುಕ್ಕಟೆ ಕೊಟ್ಟೀನೇನೇ?" ಬೀಬಿಜಾನ್ ಸೇರನ್ನು ಕೆಳಗಿಟ್ಟರು. "ಒಂದೊಂದು ಪೊಟ್ಟಣಕ್ಕೆ ಹಿಡಿ ಹಾಕುವಾಗ ಆ ಊರಿನೋರಿಗೆ ಒಂದೇ ಮಾತು ಕೇಳಿಕ್ಯಂಡೀನಿ. ನನ್ನ ಪಾಲಿಂದು ಇಷ್ಟು ಇಟ್ಕಳ್ರಪ್ಪಾ, ನನ್ನ ಮಗನ್ನ ಮಾತ್ರ ಕರಕಬ್ಯಾಡ್ರಿ ಅಂತ. ಅವ್ರು ಕರಕಳ್ಳಿಲ್ಲ. ಬೆಲೆ ಕೊಟ್ಟಂಗಾತಲ್ಲ? ಒಂದೇ ಮಾಲಿಗೆ ಎರಡು ಸಲ ರೊಕ್ಕ ಹೆಂಗೆ ತಗಳ್ಳಿ?"

ಗೋದಾಮಿನಲ್ಲಿ ಡಬ್ಬದ ಮೇಲೆ ಇಟ್ಟಿದ್ದ ಕೈಯನ್ನು ಅವರು ಯಾಕೆ ತೆಗೆಯಲಿಲ್ಲವೆಂದು ಈಗ ತಿಳಿಯಿತು. ಹಳೇ ಮೇಷ್ಟ್ರು ಸುಳ್ಳು ಹೇಳಿರಲಿಲ್ಲ, ಆ ತಾಯಿ ತನ್ನ ಲಾಭವನ್ನೇ ನೋಡಿದ್ದರು. ಆದರೆ ಆ ಲಾಭ ಎಷ್ಟೆಂದು ಅಳೆಯುವ ಸೇರು ಮೇಷ್ಟ್ರ ಹತ್ತಿರವೂ ಇರಲಿಲ್ಲ, ನನ್ನ ಹತ್ತಿರವೂ ಇರಲಿಲ್ಲ.

ಸಿಕಂದರ್ ಮರಳು ಕೆದಕುವುದನ್ನು ನಿಲ್ಲಿಸಿ ನಿಂತಿದ್ದ. ಅವನಿಗೂ ಇದು ಗೊತ್ತಿರಲಿಲ್ಲ.

ಯಾಸ್ಮೀನ್ ನನ್ನ ಕೈಯಿಂದ ಫೋನ್ ತೆಗೆದುಕೊಂಡಳು. "ಬೆಲೆ ಮೊದಲೇ ಸಂದಾಯ ಆಗೈತೆ ಅನ್ನೋದಕ್ಕೆ ಇಂಗ್ಲಿಷಿನಾಗೆ ಏನಂತಾರೆ ಮೇಡಂ?"

ಹೇಳಿಕೊಟ್ಟೆ. ಅವಳು ದರದ ಎದುರಿಗೆ ಅಷ್ಟನ್ನೇ ಬರೆದು ಕಳಿಸಿದಳು. ಅದನ್ನು ಅವರ ವ್ಯವಸ್ಥೆ ಹೇಗೆ ನುಂಗುತ್ತದೋ ನೋಡಬೇಕೆಂದು ನನಗೆ ಆಗಲೇ ಕುತೂಹಲ ಶುರುವಾಗಿತ್ತು.

"ಅಮ್ಮಿ" ಎಂದ ಸಿಕಂದರ್. "ಮರಳು ಕಾದೈತೆ, ಅಕ್ಕಿ ಕೊಡು."

ಬೀಬಿಜಾನ್ ಅಕ್ಕಿ ಅಳೆದು ಬುಟ್ಟಿಗೆ ಹಾಕಿದರು, ಮೇಲೆ ಇನ್ನೊಂದು ಹಿಡಿ ಹಾಕಿ ಮಗನ ಕೈಗೆ ಕೊಟ್ಟರು.